ಫ್ರಿಜ್ಜಿನ ಶ್ರುತಿ

ಹಾಡು ಮುದ್ರಿಸಲು ಬಂದಿದ್ದ ತಂತ್ರಜ್ಞ ಗುಂಯ್‌ಗುಡುತ್ತಿದ್ದ ಫ್ರಿಜ್ಜಿನ ಪ್ಲಗ್ಗನ್ನು ಕಿತ್ತೇಬಿಟ್ಟ. "ಈಗ ಹಾಡಿ ಮೇಡಂ, ಕ್ಲೀನಾಗಿ ಬರುತ್ತೆ."

ಗಿಟಾರ್ ಹಿಡಿದಿದ್ದ ತಮ್ಮನಿಗೂ ಸಮಾಧಾನವಾಯಿತು. ಬಿಡುವಿನಲ್ಲಿ ಅವನು ಅಕ್ಕನ ಅಡುಗೆಮನೆಯಲ್ಲಿ ಕಟ್ಟಿದ್ದ ಈ ಪುಟ್ಟ ತಂಡವನ್ನು ಅವನ ದೊಡ್ಡ ರಾಕ್ ಬ್ಯಾಂಡಿನವರು 'ಸೌಟು ಬ್ಯಾಂಡ್' ಎಂದು ಆಡಿಕೊಳ್ಳುತ್ತಿದ್ದರು. ಮೊದಲ ಆಲ್ಬಮ್ಮಾದರೂ ಅವರ ಬಾಯಿ ಮುಚ್ಚಿಸಬೇಕಿತ್ತು.

ಅಕ್ಕ ಹಾಡತೊಡಗಿದಳು. ಎರಡನೇ ಸಾಲಿಗೇ ದನಿ ದಾರಿ ತಪ್ಪಿತು. ಮತ್ತೆ ಶುರುಮಾಡಿದಳು, ಮತ್ತೆ ತಪ್ಪಿತು. "ಇವತ್ತು ಯಾಕೋ ನಿಲ್ತಾನೇ ಇಲ್ಲ ಕಣೋ. ಬೇರೆ ಯಾರ ಹತ್ರಾನಾದ್ರೂ ಹಾಡಿಸ್ಕೊ," ಎಂದಳು, ಅವನ ಮುಖ ನೋಡದೆ.

ಆಗ ತಮ್ಮನಿಗೆ ಹೊಳೆಯಿತು. ಅವರ ಒಂದೊಂದು ಹಾಡೂ ಹುಟ್ಟಿದ್ದು ಆ ಗುಂಯ್ ಸದ್ದಿನ ಪಕ್ಕದಲ್ಲೇ. ಅಕ್ಕ ಇಷ್ಟು ದಿನ ಶ್ರುತಿ ಹಿಡಿದದ್ದು ಗಿಟಾರಿನಿಂದಲ್ಲ. ಅವನು ಬಗ್ಗಿ ಪ್ಲಗ್ಗನ್ನು ಮತ್ತೆ ಸಿಕ್ಕಿಸಿದ.

"ಆಲ್ಬಮ್ ತುಂಬಾ ಫ್ರಿಜ್ಜೇ ಕೇಳ್ಸುತ್ತೆ ಸಾರ್. ಜನ ನಗ್ತಾರೆ."

"ನಗ್ಲಿ ಬಿಡಿ. ಅದೂ ನಮ್ಮ ತಂಡದ್ದೇ."

ಕಂಪ್ರೆಸರಿನ ಒತ್ತಡ ಇಳಿಯುವ ತನಕ ಫ್ರಿಜ್ಜು ಮತ್ತೆ ಓಡುವುದಿಲ್ಲ. ಮೂವರೂ ಸುಮ್ಮನೆ ಕಾದರು. ಅದು ಗುಂಯ್ ಎಂದದ್ದೇ ತಡ, ಅಕ್ಕ ಯಾರ ಸನ್ನೆಗೂ ಕಾಯದೆ ಹಾಡು ಎತ್ತಿಕೊಂಡಳು. ತಮ್ಮನೇ ಗಡಿಬಿಡಿಯಿಂದ ಅವಳ ಜೊತೆಗೂಡಬೇಕಾಯಿತು.