ಮುಂಗಡ ಆಭಾರ

ಅಭ್ಯರ್ಥಿ ಶೈಲೇಶ ಮಾಲಕರ ಭಾಷಣದ ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ವಂದನಾರ್ಪಣೆಗೆಂದು ಮೈಕಿನಲ್ಲಿ ವಿದ್ಯಾರ್ಥಿನಿ ಸಾಯಲಿಯ ಹೆಸರು ಕೂಗಿಯೇಬಿಟ್ಟರು. ಮಹಾರಾಷ್ಟ್ರದ ಗಡಿಯ ಅಕ್ಕಲಕೋಟದ ಆ ಕಾಲೇಜಿನ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದೆ ಹುಡುಗ ಹುಡುಗಿಯರು, ಹಿಂದೆ ಟೆಂಪೋಗಳಲ್ಲಿ ತಂದಿಳಿಸಿದ ಹೆಂಗಸರು, ಎಲ್ಲರ ಕೊರಳಲ್ಲೂ ಮಾಲಕರ ಪಕ್ಷದ ಶಲ್ಯ. ಸಾಯಲಿ ಎದ್ದಳು. ಹೆದರಿಕೆಯೂ ಹೌದು, ಖುಷಿಯೂ ಹೌದು. ಯಾವುದು ಹೆಚ್ಚು ಎಂಬುದು ಅವಳಿಗೇ ಗೊತ್ತಿರಲಿಲ್ಲ.

ಹೋದ ವಾರ ಇದೇ ಕಾಲೇಜಿನ ಗೇಟಿನಲ್ಲಿ ಉಮಾಬಾಯಿಯನ್ನು ತಡೆದು ನಿಲ್ಲಿಸಿದ್ದರು. ಮಾಲಕರ ಎದುರು ಚುನಾವಣೆಗೆ ನಿಂತ ಬೀಡಿ ಕಟ್ಟುವ ಹೆಣ್ಣುಮಗಳು ಆಕೆ. ಕರೆದವಳು ಸಾಯಲಿಯೇ. "ವಿದ್ಯಾಮಂದಿರದಲ್ಲಿ ರಾಜಕಾರಣ ನಡೆಯುವುದಿಲ್ಲ" ಎಂದು ಪ್ರಾಚಾರ್ಯ ಅವಿನಾಶ ಸರ್ ಮರಾಠಿಯಲ್ಲಿ ಗುಡುಗಿದ್ದರು. ಪಾಪ, ಆ ಹೆಣ್ಣುಮಗಳು ರಸ್ತೆಯ ಮೇಲೆ, ಕಬ್ಬಿನ ಟ್ರ್ಯಾಕ್ಟರುಗಳ ಗದ್ದಲದಲ್ಲಿ, ಗಂಟಲು ಹರಿಯುವಂತೆ ನಾಲ್ಕು ಮಾತಾಡಿ, "ಇರ್ಲಿ ಬಿಡವಾ, ನಿಂದೇನ್ ತಪ್ಪದ?" ಎಂದು ಸಾಯಲಿಯ ಬೆನ್ನು ಸವರಿ ಹೋಗಿದ್ದಳು. ಕರೆದು ಅವಮಾನ ಮಾಡಿಸಿದೆನಲ್ಲ ಎಂದು ಸಾಯಲಿ ಅಂದಿನಿಂದ ಕುದಿಯುತ್ತಿದ್ದಳು. ಇಂದು ನೋಡಿದರೆ ಕಾಲೇಜು ನಡೆಸುವ ಸಂಸ್ಥೆಯ ಅಧ್ಯಕ್ಷರ ಅಳಿಯ ಎಂಬ ಒಂದೇ ಕಾರಣಕ್ಕೆ ಮಾಲಕರಿಗೆ ಅದೇ ಮಂದಿರದ ಬಾಗಿಲು ಹಾರು ಹೊಡೆದಿತ್ತು!

ಸ್ವಾಗತ ಭಾಷಣವನ್ನು ಸರ್ ತಾವೇ ಕೂತು ತಿದ್ದಿದ್ದರು. ವಂದನಾರ್ಪಣೆಯನ್ನು ಯಾರು ತಿದ್ದುತ್ತಾರೆ? ಅದು ಶುರುವಾಗುವುದೇ ತಡ, ಜನ ಚಪ್ಪಲಿ ಹುಡುಕಲು ಏಳುತ್ತಾರೆ. ಅದು ಕನ್ನಡದಲ್ಲಿರಲಿ, ಹಳ್ಳಿಯವರಿಗೆ ನಮ್ಮವರು ಅನ್ನಿಸುತ್ತದೆ ಎಂದು ಮಾಲಕರ ಅಪ್ಪಣೆ ಬೇರೆ. ಸಾತಾರದ ಕಡೆಯ ಅವಿನಾಶ ಸರ್‌ಗೆ ಕನ್ನಡದಲ್ಲಿ ಬರುತ್ತಿದ್ದುದು 'ನಮಸ್ಕಾರ್ರಿ' ಒಂದೇ. "ಮಾಲಕರ ಮುಂದೆ ನನ್ನ ಮಾನ ಕಳೆದೆಯೋ, ಹಾಸ್ಟೆಲ್ ಖಾಲಿ ಮಾಡಿ ನಿನ್ನ ಚಪಳಗಾಂವದ ದಾರಿ ಹಿಡಿ" ಎಂದಷ್ಟೇ ಅವರು ಎಚ್ಚರಿಸಿದ್ದರು. ಹಾಸ್ಟೆಲ್ ಹೋದರೆ ಓದೂ ಹೋಯಿತೆಂದೇ ಲೆಕ್ಕ. ಊರಲ್ಲಿ ಅವ್ವ ಆಗಲೇ ವರನನ್ನು ನೋಡುತ್ತಿದ್ದಳು.

"ನಮಸ್ಕಾರ್ರಿ ಎಲ್ಲಾರಿಗೂ," ಸಾಯಲಿ ಮೈಕ್ ಹಿಡಿದು ಶುರುಮಾಡಿದಳು. "ಮಾಲಕರು ಟೈಮ್ ತಗದು ನಮ್ಮ ಕಾಲೇಜಿಗಿ ಬಂದಾರ, ಅವರದು ಆಭಾರ. ಅದಕ್ಕಿಂತ ದೊಡ್ಡ ಆಭಾರ ನಮ್ಮ ಪ್ರಾಚಾರ್ಯ ಅವಿನಾಶ ಸರ್ ಅವರದು." ತಮ್ಮ ಹೆಸರು ಕೇಳಿದ್ದೇ ಸರ್ ಕೋಟು ಸರಿಪಡಿಸಿಕೊಂಡು ನೆಟ್ಟಗೆ ಕೂತರು. "ಕಾಲೇಜಂದ್ರ ಯಾರೋ ಒಬ್ಬರ ಮನಿ ಅಂಗಳ ಅಲ್ಲ ಅಂತ ಸರ್‌ಗ ಗೊತ್ತದ. ಇವತ್ತ ಮಾಲಕರಿಗಿ ಕೊಟ್ಟಂಗ ನಾಳಿ ಉಮಾಬಾಯಿ ಅವರಿಗೂ ಇದ ಮಂಟಪ, ಇದ ಮೈಕ್, ಇಷ್ಟ ಹೊತ್ತ ಕೊಡ್ತಾರ. ಮತ್ತ ಯಾರ್ ಕೇಳಿದ್ರೂ ಅವರಿಗೂ ಕೊಡ್ತಾರ. ಇಂಥಾ ದೊಡ್ಡ ಮನಸ ಯಾರಿಗಿ ಅದರೀ? ಹೊಡೀರಿ ಚಪ್ಪಾಳಿ!"

ಸುಳ್ಳೇ? ಹೌದು, ಹಸಿ ಸುಳ್ಳು. ಆದರೆ ನಾಳೆ ನಡೆದೇಬಿಟ್ಟರೆ ಅದನ್ನು ಸುಳ್ಳೆನ್ನುವವರು ಯಾರು?

ಅಬ್ಬಬ್ಬಾ, ಹಿಂದೆ ಕೂತ ಹೆಂಗಸರೇ ಮೊದಲು ಶುರುಮಾಡಿದರು! ಅವರಲ್ಲಿ ಅರ್ಧ ಮಂದಿ ಉಮಾಬಾಯಿಯ ಜೊತೆ ಕೂತು ಬೀಡಿ ಕಟ್ಟುವವರು. ಹುಡುಗರ ಸಿಳ್ಳೆ, ಹುಡುಗಿಯರ ಕೂಗು, ಕುರ್ಚಿ ಬಡಿದ ಸದ್ದು. ಜನ್ಮದಲ್ಲಿ ಇಷ್ಟು ಚಪ್ಪಾಳೆ ಕಂಡಿರದ ಸರ್ ಎದ್ದು ನಿಂತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೈಮುಗಿದು "ನಮಸ್ಕಾರ್ರಿ! ನಮಸ್ಕಾರ್ರಿ!" ಎಂದರು. "ನಾಳಿ ಬರ್ತೀವ್ರಿ ಸರ್!" ಎಂದು ಯಾರೋ ಕೂಗಿದ್ದಕ್ಕೂ ತಲೆಯಾಡಿಸಿದರು. ಸಾಯಲಿಗೆ ಕುಣಿಯುವಷ್ಟು ಸಂತೋಷವಾಯಿತು.

ಮಾಲಕರ ಮನೆಮಾತು ಕನ್ನಡ. ಅವರ ಮುಖದ ಮೇಲಿನ ನಗು ಅಲ್ಲೇ ಅಂಟಿಕೊಂಡಿತ್ತು, ಕಣ್ಣು ಮಾತ್ರ ಕೆಂಪಗಾಗಿದ್ದವು. ಅವರು ಸರ್ ಕಿವಿಯಲ್ಲಿ ಎಲ್ಲವನ್ನೂ ಮರಾಠಿಯಲ್ಲಿ ಉಸುರಿದರು. ಮುಗಿದ ಕೈ ಮುಗಿದಂತೆಯೇ ಇರಲು ಸರ್ ಸಾಯಲಿಯ ಕಡೆ ತಿರುಗಿದರು.

"ನನ್ನ ಹೆಸರಲ್ಲಿ ಏನು ಹೇಳಿದೆ?" ಮರಾಠಿಯ ಆ ಪಿಸುಮಾತಿನಲ್ಲಿ ಬೆಂಕಿಯಿತ್ತು.

"ಆಭಾರ ಹೇಳಿದೆ ಸರ್," ಅವಳೂ ಮರಾಠಿಯಲ್ಲೇ ಅಂದಳು.

"ಯಾವುದಕ್ಕೆ?"

"ನೀವು ನಾಳೆ ಮಾಡುವುದಕ್ಕೆ."

"ನಾಳೆ ನೀನು ಹಾಸ್ಟೆಲಿನಲ್ಲಿ ಇದ್ದರೆ ತಾನೇ!" ಸಾಯಲಿ ತಲೆ ತಗ್ಗಿಸಲಿಲ್ಲ. ಅಷ್ಟರಲ್ಲಿ ಒಬ್ಬ ಅಜ್ಜಿ ವೇದಿಕೆ ಹತ್ತಿ ಬಂದು, ಮಾಲಕರನ್ನು ದಾಟಿ, ಸರ್ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. "ನಮ್ಮ ಉಮಾನ ಒಳಗ ಕರದಿ, ನಿನ್ನ ಹೊಟ್ಟಿ ತಣ್ಣಗಿರ್ಲಿಪಾ!" ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ಬಯ್ಯಲು ಬಾಯಿ ತೆರೆದಿದ್ದ ಸರ್ ಬಾಯಿ ತೆರೆದೇ ನಿಂತರು.

ಆಗ ಮೈದಾನದಲ್ಲಿ ಮಂಟಪ ಕಟ್ಟಿದ್ದ ಬಂಡೆಪ್ಪ ಮೂಲೆಯ ಕಂಬಕ್ಕೆ ಏಣಿ ಹಚ್ಚಿ ಹತ್ತಿ, ಹಗ್ಗದ ಗಂಟಿಗೆ ಕೈ ಹಾಕಿ, ಮೇಲಿನಿಂದಲೇ ಕೂಗಿದ:

"ಸರ್, ಬಿಚ್ಚಲ್ಯೋ, ನಾಳಿಗಿ ಇರಲ್ಯೋ?"

ಇಡೀ ಮೈದಾನ ಸರ್ ಕಡೆ ತಿರುಗಿತು. ಆ ಕನ್ನಡವನ್ನು ಮಾತ್ರ ಯಾರೂ ಅವರಿಗೆ ಮರಾಠಿ ಮಾಡಿ ಹೇಳಬೇಕಾಗಲಿಲ್ಲ.