ಮಾಯ್ದ ಬೆರಳು

ಕಸ್ತೂರಿಯ ಬೆರಳಿನ ಪಟ್ಟಿ ನೋಡಿ ಬಸ್ಸಿನಲ್ಲಿ ಯಾರೋ ಎದ್ದು ಸೀಟು ಕೊಟ್ಟರು. ಅಂಥ ಪಟ್ಟಿ ಕಟ್ಟಿದವರು ತಡೆರಸ ಕೊಡುವವರೆಂದು ಎಲ್ಲರಿಗೂ ಗೊತ್ತು. ದಿನಾ ಗುಳಿಗೆ ನುಂಗಿದರೆ ಅವರ ರಕ್ತದಲ್ಲಿ ಆ ರಸ ತುಂಬುತ್ತದೆ. ಅದನ್ನು ಒಡಹುಟ್ಟಿದವರಿಗೆ ಏರಿಸಿದರೆ, ಅವರ ಕ್ಯಾನ್ಸರ್ ಗಡ್ಡೆಗೆ ಹೊಸ ರಕ್ತನಾಳ ಹುಟ್ಟದೆ ಅದು ಹಸಿದು ಸೊರಗುತ್ತದೆ. ಆದರೆ ಗುಳಿಗೆ ನುಂಗುವಷ್ಟು ದಿನ ಕೊಡುವವರ ಗಾಯವೂ ಮಾಯುವುದಿಲ್ಲ.

ಆಸ್ಪತ್ರೆಯಲ್ಲಿ ಅಕ್ಕ ನಾಗರತ್ನ ಕೊಬ್ಬರಿ ಎಣ್ಣೆಯ ಬಾಟಲಿ ಹಿಡಿದು ಕಾಯುತ್ತಿದ್ದಳು. ರಸ ಏರಿಸಿಕೊಳ್ಳುವ ಮೊದಲು ಕೊಡುವವರ ಗಾಯಕ್ಕೆ ಎಣ್ಣೆ ಹಚ್ಚುವುದು ವಾಡಿಕೆ.

“ಗಡ್ಡಿ ಮತ್ತ ಬೆಳದೈತಂತ. ಯಾಕಂತ ಡಾಕ್ಟರಿಗೂ ತಿಳೀವಲ್ದು. ತಾ ಇಲ್ಲೆ ಕೈ.”

ಕಸ್ತೂರಿ ಕೈ ಹಿಂದೆ ಎಳೆದುಕೊಂಡಳು. ಅಕ್ಕ ನಗುತ್ತಲೇ ಹಿಡಿದು ಪಟ್ಟಿ ಬಿಚ್ಚಿದಳು. ಬೆರಳು ನುಣ್ಣಗಿತ್ತು; ಗಾಯದ ಗೆರೆಯಷ್ಟೇ ಉಳಿದಿತ್ತು.

“ರೊಟ್ಟಿ ಬಡಿಯೂ ಮುಂದ ಭಾಳ ಉರೀತಿತ್ತಕ್ಕಾ,” ಕಸ್ತೂರಿ ತಲೆ ತಗ್ಗಿಸಿದಳು. “ಗುಳಿಗಿ ನುಂಗೂದು ಬಿಟ್ಟೆ.”

ಅಷ್ಟರಲ್ಲಿ ಬಾಗಿಲಲ್ಲಿ ಅವ್ವನ ಚಪ್ಪಲಿ ಸದ್ದಾಯಿತು. ಅಕ್ಕ ಅವಸರದಿಂದ ಆ ಮಾಯ್ದ ಬೆರಳಿಗೇ ಎಣ್ಣೆ ಸವರಿ ಪಟ್ಟಿ ಬಿಗಿದಳು.

“ಇನ್ನೂ ಮಾಯ್ದಿಲ್ಲೇನ?” ಅವ್ವ ಕೇಳಿದಳು.

“ಎಲ್ಲಿ ಮಾಯತೈತಿ ಬೇ? ನನ್ನ ಸಲುವಾಗಿ ಎಷ್ಟ್ ತ್ರಾಸ ತಡ್ಕೋತಾಳ ನೋಡು,” ಎಂದಳು ಅಕ್ಕ.

ಅವ್ವ ಕಸ್ತೂರಿಯ ಕೈಯೆತ್ತಿ ಆ ಪಟ್ಟಿಯನ್ನು ಕಣ್ಣಿಗೊತ್ತಿಕೊಂಡಳು.