ಚಾಪೆಯಂತೆ ಸುತ್ತಿ ತಂದ ಹುಲ್ಲು

"ಈ ಮರಳಲ್ಲಿ ಹುಲ್ಲು ಬೆಳೆದ್ರೂ ಬೆಳೆದೀತು, ನಿನ್ನ ಮಗಳು ಡಿಗ್ರಿ ಮಾಡೋದು ಆಗದ ಮಾತು" ಎಂದು ಅಪ್ಪನಿಗೆ ಹೇಳಿದವನು ನಮ್ಮೂರಿನವನೇ, ಸೂಪರ್‌ವೈಸರ್ ವಾಸಣ್ಣ.

ಇಲ್ಲಿ ಮ್ಯಾಂಚೆಸ್ಟರ್‌ನ ಫಾಲೋಫೀಲ್ಡ್‌ನಲ್ಲಿ ಯಾರಾದರೂ ಹುಲ್ಲು ಕತ್ತರಿಸಿದರೆ ಸಾಕು, ಆ ವಾಸನೆ ನನ್ನನ್ನು ಮಸ್ಕತ್ತಿನ ಗುಡ್ಡದ ಬುಡದ ಒಂದು ವಿಲ್ಲಾಕ್ಕೆ ಎಳೆದೊಯ್ಯುತ್ತದೆ.

ಕೆಲಸದವರ ಮಕ್ಕಳು ಆ ಬಡಾವಣೆಯ ಗೇಟಿನೊಳಗೆ ಬರುವಂತಿರಲಿಲ್ಲ. ಅವತ್ತು ನನಗೆ ಜ್ವರ, ಕೆಮ್ಮು. ಅಲ್ಲಿ ಅಡುಗೆಗಿದ್ದ ಅಮ್ಮ ನನ್ನನ್ನು ಕದ್ದು ಕರೆತಂದಿದ್ದಳು. ಮಧ್ಯಾಹ್ನ ಮೇಡಂ ಅತಿಥಿಗಳ ಜೊತೆ ಬಂದುಬಿಟ್ಟರು. ಅಮ್ಮ ನನ್ನನ್ನು ಬಟ್ಟೆ ಒಗೆಯುವ ಕೋಣೆಗೆ ತಳ್ಳಿ, "ಕೆಮ್ಮಬೇಡ ಮಗಾ, ಕೆಲಸ ಹೋಗ್ತದೆ" ಎಂದು ಹೊರಗಿನಿಂದ ಚಿಲಕ ಹಾಕಿದಳು. ನಾನು ಒದ್ದೆ ಟವೆಲ್ ಕಚ್ಚಿಕೊಂಡು ಕೂತೆ.

ಮೇಡಂ ಬೆಂಗಳೂರಿನವರು. "ನಾವು ಬಂದಾಗ ಬರೀ ಕಲ್ಲು, ಮರಳು ಕಣ್ರೀ. ನೀರು ತರಿಸಿದ್ವಿ, ಹುಲ್ಲನ್ನ ಚಾಪೆ ಥರ ಸುತ್ಕೊಂಡು ಬಂದು ಹಾಸಿದ್ವಿ, ಆಮೇಲೆ ಗೇಟ್ ಹಾಕಿದ್ವಿ" ಎನ್ನುತ್ತಿದ್ದರು. ಹಾಸಿದ್ದು ನನ್ನ ಅಪ್ಪ. ಅತಿಥಿಗಳು ಹೋಗುವವರೆಗೆ ಕಿಟಕಿಯ ಸಂದಿಯಿಂದ ಆ ಹಸಿರನ್ನೇ ನೋಡಿದೆ.

ಇಲ್ಲಿ ಡಿಗ್ರಿ ಸರ್ಟಿಫಿಕೇಟ್ ಕೈಗೆ ಬಂದ ದಿನ, ಸಮಾರಂಭಕ್ಕೆಂದು ಬಂದಿದ್ದ ಅಮ್ಮನಿಗೆ ಅದನ್ನು ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ಹಿಡಿದಳು, ನೋಡಿದಳು, ವಾಪಸ್ ಕೊಟ್ಟಳು.

"ನಿನ್ನ ಹತ್ರಾನೇ ಇಟ್ಕೋ. ನಾನು ಕೆಲಸಕ್ಕೆ ಸೇರಿದ ದಿನಾನೇ ಪಾಸ್‌ಪೋರ್ಟನ್ನ ಮೇಡಂ ಕೈಗೆ ಕೊಟ್ಟ ಹಾಗೆ, ಇದನ್ನ ಯಾರ ಕೈಗೂ ಕೊಟ್ಬಿಡ್ಬೇಡ."